ಎಂಟರ್‌ಪ್ರೈಸ್ ದೋಣಿಯ ಜಿಬ್ ಹಾಯಿಯನ್ನು ಕತ್ತರಿಸಿದರೆ ಟ್ಯಾಕ್ ಮಾಡುವುದು ಸುಲಭವಾಗುತ್ತದೆಯೇ?

ಹಳೆಯ ಎಂಟರ್‌ಪ್ರೈಸ್ ವರ್ಗದ ಹಾಯಿದೋಣಿಯೊಂದನ್ನು ಕೊಂಡು, ಹತ್ತು ವರ್ಷದ ಮಗನೊಂದಿಗೆ ಕೆ.ಆರ್.ಎಸ್. ಹಿನ್ನೀರಿನಲ್ಲಿ ಓಡಿಸುತ್ತಿರುವುದಾಗಿಯೂ, ಟ್ಯಾಕ್ ಮಾಡುವಾಗ (ಮೂತಿಯನ್ನು ಗಾಳಿಗೆ ಎದುರಾಗಿ ದಾಟಿಸಿ ಆಚೆ ಬದಿಗೆ ತಿರುಗಿಸುವಾಗ) ಜಿಬ್ ಹಾಯಿಯ, ಅಂದರೆ ಕಂಬದ ಮುಂದಿನ ಚಿಕ್ಕ ಹಾಯಿಯ, ಹಿಂದಿನ ಮೂಲೆ ಕಂಬಕ್ಕೆ ಸಿಕ್ಕಿಕೊಂಡು ದೋಣಿ ಗಾಳಿಗೆ ಮುಖಮಾಡಿ ನಿಂತುಬಿಡುವುದಾಗಿಯೂ ಬರೆದಿದ್ದೀರಿ. ಜಿಬ್ ಅನ್ನು ಕತ್ತರಿಸಬಹುದೇ ಎಂಬುದು ನಿಮ್ಮ ಪ್ರಶ್ನೆ. ಖಂಡಿತ ಕತ್ತರಿಸಬಹುದು. ಆದರೆ ಈಗಿರುವ ಒಳ್ಳೆಯ ಜಿಬ್‌ಗೆ ಕತ್ತರಿ ಹಾಕಬೇಡಿ, ಹಳೆಯದೊಂದನ್ನು ಹುಡುಕಿ ತನ್ನಿ.

ಮೊದಲು ಕಾರಣವನ್ನು ನೋಡೋಣ. ಬ್ರಿಟಿಷ್ ದೋಣಿ ವಿನ್ಯಾಸಕ ಜ್ಯಾಕ್ ಹೋಲ್ಟ್ ಅವರು 1956ರಲ್ಲಿ ವಿನ್ಯಾಸಗೊಳಿಸಿದ ಈ ದೋಣಿ ಸುಮಾರು 4 ಮೀಟರ್ ಉದ್ದವಿದ್ದು, ಇಬ್ಬರು ವಯಸ್ಕರಿಗೆಂದೇ ರೂಪುಗೊಂಡದ್ದು. 1982ರ ಏಷ್ಯನ್ ಕ್ರೀಡಾಕೂಟದಲ್ಲಿ ಪಾಕಿಸ್ತಾನದ ಬೈರಾಮ್ ಅವಾರಿ ಮತ್ತು ಅವರ ಪತ್ನಿ ಗೋಶ್ಪಿ ಚಿನ್ನ ಗೆದ್ದದ್ದು ಇದೇ ವರ್ಗದಲ್ಲಿ, ಆದ್ದರಿಂದ ದೋಣಿಯ ಮೂಲ ಗುಣದ ಬಗ್ಗೆ ಅನುಮಾನ ಬೇಡ. ತೊಂದರೆ ಇರುವುದು ಅದರ ಹಗುರತನದಲ್ಲಿ. ಟ್ಯಾಕ್ ಎಂದರೆ ದೋಣಿಯ ಮೂತಿ ಸುಮಾರು 90 ಡಿಗ್ರಿ ತಿರುಗಬೇಕು. ಆ ಕೆಲವು ಕ್ಷಣ ಹಾಯಿಗಳಲ್ಲಿ ಬಲವಿರುವುದಿಲ್ಲ, ಹಿಂದಿನ ಓಟದ ರಭಸವೊಂದೇ ದೋಣಿಯನ್ನು ದಾಟಿಸಬೇಕು. ಹಗುರವಾದ ದೋಣಿಯಲ್ಲಿ ಆ ರಭಸ ಬೇಗ ಇಂಗಿಹೋಗುತ್ತದೆ. ಅಷ್ಟರಲ್ಲಿ ಜಿಬ್ ಕಂಬಕ್ಕೆ ತೊಡರಿಕೊಂಡರೆ, ನಿಮ್ಮ ಮಗ ಎಷ್ಟೇ ಎಳೆದರೂ ಮೂತಿ ಹೊರಳುವುದಿಲ್ಲ.

ಕತ್ತರಿ ಹಿಡಿಯುವ ಮುನ್ನ ಜಿಬ್ ಹಗ್ಗವನ್ನು ಕಟ್ಟಿರುವ ರೀತಿಯನ್ನು ನೋಡಿ. ಹಾಯಿಯ ಮೂಲೆಗೆ ಲೋಹದ ಕೊಂಡಿ ಅಥವಾ ದಪ್ಪನೆಯ ಎರಡು ಗಂಟುಗಳಿದ್ದರೆ ಅವೇ ತೊಡರಿಕೊಳ್ಳುತ್ತಿರಬಹುದು; ಕೊಂಡಿಯಾದರೆ ಮಗುವಿನ ಮುಖಕ್ಕೆ ಬಡಿಯುವ ಅಪಾಯವೂ ಇದೆ. ಒಂದೇ ಉದ್ದನೆಯ ಹಗ್ಗವನ್ನು ನಡುವೆ ಮಡಚಿ, ಮೂಲೆಯ ಉಂಗುರದೊಳಗೆ ತೂರಿಸಿ, ಎರಡೂ ತುದಿಗಳನ್ನು ಆ ಕುಣಿಕೆಯೊಳಗಿಂದ ಎಳೆದು ಬಿಗಿಯಿರಿ. ಎಷ್ಟೋ ಸಲ ಇಷ್ಟರಿಂದಲೇ ಅರ್ಧ ತೊಂದರೆ ನೀಗುತ್ತದೆ.

ಇನ್ನು ಹಾಯಿಯ ವಿಷಯ. ಜಿಬ್‌ನ ಹಿಂದಿನ ಕೆಳಮೂಲೆ ಕಂಬಕ್ಕಿಂತ ಒಂದು ಗೇಣು ಮುಂದಕ್ಕೇ ನಿಲ್ಲುವಂತಾಗಬೇಕು. ನಾನು ಮೊದಲು ಕತ್ತರಿಸದೆಯೇ ಪರೀಕ್ಷಿಸಿ ನೋಡಿದೆ: ಹೊಸ ಮೂಲೆ ಬರಬೇಕಾದ ಜಾಗದಲ್ಲಿ ಬಟ್ಟೆಯೊಳಗೆ ಒಂದು ಗಾಜಿನ ಗೋಲಿಯನ್ನಿಟ್ಟು, ಅದರ ಸುತ್ತ ಬಟ್ಟೆಯನ್ನು ಹಿಡಿದು, ಗೋಲಿಯ ಬುಡದಲ್ಲಾದ ಕೊರಳಿಗೆ ಜಿಬ್ ಹಗ್ಗವನ್ನು ಬಿಗಿದೆ, ಹಿಂದೆ ಉಳಿದ ಬಟ್ಟೆಯನ್ನು ಸುರುಳಿ ಸುತ್ತಿ ದಾರದಿಂದ ಅಲ್ಲಲ್ಲಿ ಕಟ್ಟಿದೆ. ನೋಡಲು ಮೂಟೆಯಂತಿತ್ತು, ಆದರೆ ಗೋಲಿ ಜಾರಲಿಲ್ಲ, ಮತ್ತು ಆ ಸಂಜೆ ದೋಣಿ ಒಮ್ಮೆಯೂ ನಡುವೆ ನಿಲ್ಲಲಿಲ್ಲ. ಎರಡು ದಿನ ಹೀಗೆ ಓಡಿಸಿದ ಮೇಲೆಯೇ ಪೆನ್ಸಿಲ್ ಗೆರೆ ಎಳೆದೆ. ಹಿಂಬದಿಯ ಅಂಚನ್ನು ನೇರವಾಗಿ ಕತ್ತರಿಸಿದರೆ ಅದು ಗಾಳಿಯಲ್ಲಿ ಪಟಪಟನೆ ಬಡಿದುಕೊಳ್ಳುತ್ತದೆ. 3 ಮೀಟರ್ ಅಂಚಿಗೆ ನಡುವೆ 6 ಸೆಂಟಿಮೀಟರಿನಷ್ಟು ಒಳಬಾಗು ಇರಲಿ. ಹೊಸ ಮೂಲೆಗೆ ಡೇಕ್ರಾನ್ ಬಟ್ಟೆಯ ಮೂರು ತೇಪೆಗಳನ್ನು, ಒಂದಕ್ಕಿಂತ ಒಂದು ದೊಡ್ಡದಾಗಿ, ಪಾಲಿಯೆಸ್ಟರ್ ದಾರದ ಅಂಕುಡೊಂಕು ಹೊಲಿಗೆಯಿಂದ ಸೇರಿಸಿ. ಹತ್ತಿಯ ದಾರ ನೀರಿನಲ್ಲಿ ಬಾಳುವುದಿಲ್ಲ.

ಮೂಲೆ ಮುಂದಕ್ಕೆ ಸರಿದ ಮೇಲೆ ಹಗ್ಗ ಹಾಯುವ ಕಣ್ಣುಗಳೂ ಮುಂದಕ್ಕೆ ಬರಬೇಕು. ಬಿಗಿದ ಹಗ್ಗದ ನೇರವನ್ನು ಹಾಯಿಯ ಮೇಲೆ ಮುಂದುವರಿಸಿದರೆ ಅದು ಮುಂದಿನ ಅಂಚಿನ ಹೆಚ್ಚುಕಡಿಮೆ ನಡುಭಾಗವನ್ನು ಮುಟ್ಟಬೇಕೆಂಬುದು ಆರಂಭಕ್ಕೆ ಒಳ್ಳೆಯ ಅಳತೆ. ಕಣ್ಣುಗಳನ್ನು ಕೂರಿಸುವ ಕಡೆ ಹಲಗೆಯ ಕೆಳಗೆ ಮರದ ಆಧಾರ ಕೊಡಿ, ಬರೀ ಪ್ಲೈವುಡ್ ಆ ಎಳೆತವನ್ನು ತಾಳದು.

ಹಲವರು ನಿಮಗೆ ತಾನಾಗಿಯೇ ಹೊರಳುವ ಜಿಬ್ ಹಾಕಿಸಿಕೊಳ್ಳಿ ಎನ್ನುತ್ತಾರೆ, ಅಂದರೆ ಕಂಬದ ಮುಂದೆ ಅಡ್ಡಲಾಗಿ ಒಂದು ಹಳಿ, ಅದರ ಮೇಲೆ ಜಾರುವ ಒಂದೇ ಹಗ್ಗ. 29ಇಆರ್‌ನಂತಹ ವೇಗದ ದೋಣಿಗಳಲ್ಲಿ ಅದು ಸೊಗಸಾಗಿ ಕೆಲಸ ಮಾಡುತ್ತದೆ. ನಾನೂ ಹಾಕಿಸಿದ್ದೆ, ನೇರವಾದ ಹಳಿಯನ್ನು. ಅದರ ತುದಿಗಳಲ್ಲಿ ಹಗ್ಗ ಬಿಗಿಯಾಗುತ್ತಿತ್ತು, ನಡುವೆ ಸಡಿಲಾಗುತ್ತಿತ್ತು. ತುದಿಗಳು ಮುಂದಕ್ಕೆ ಬಾಗಿದ್ದರೆ ಮಾತ್ರ ಅದು ಸರಾಗವಾಗಿ ಓಡುತ್ತದೆಂದು ಆಮೇಲೆ ತಿಳಿಯಿತು. ಆದರೂ ನಾನದನ್ನು ತೆಗೆದುಹಾಕಿದ್ದು ಬೇರೆ ಕಾರಣಕ್ಕೆ. ಎರಡು ಹಗ್ಗಗಳಿರುವ ಜಿಬ್‌ನಲ್ಲಿ, ಮೂತಿ ಗಾಳಿಗೆ ನೇರವಾದಾಗ ಹಳೆಯ ಬದಿಯ ಹಗ್ಗವನ್ನು ಒಂದೆರಡು ಕ್ಷಣ ಬಿಡದೆ ಹಿಡಿದರೆ, ಗಾಳಿ ಹಾಯಿಯ ಹಿಮ್ಮೈಗೆ ಬಡಿದು ಮೂತಿಯನ್ನು ತಾನೇ ಆಚೆಗೆ ತಳ್ಳುತ್ತದೆ. ಹಗುರ ದೋಣಿಗೆ, ಅದರಲ್ಲೂ ಕಲಿಯುತ್ತಿರುವವರಿಗೆ, ಇದಕ್ಕಿಂತ ದೊಡ್ಡ ನೆರವಿಲ್ಲ. ತಾನಾಗಿ ಹೊರಳುವ ಜಿಬ್ ಆ ನೆರವನ್ನೇ ಕಿತ್ತುಕೊಳ್ಳುತ್ತದೆ. ನಿಮ್ಮ ಮಗನಿಗೆ "ಈಗ ಬಿಡು" ಎಂದು ಹೇಳುವವರೆಗೆ ಹಗ್ಗ ಹಿಡಿದಿರುವ ಕೆಲಸವನ್ನು ಒಪ್ಪಿಸಿ, ಅವನು ಅದನ್ನು ಬಹುಬೇಗ ಕಲಿಯುತ್ತಾನೆ.

ಜಿಬ್ ಚಿಕ್ಕದಾದಾಗ ಗಾಳಿಯ ಒತ್ತಡದ ಕೇಂದ್ರ ಹಿಂದಕ್ಕೆ ಸರಿದು, ದೋಣಿ ತಾನಾಗಿ ಗಾಳಿಯತ್ತ ತಿರುಗಲು ಎಳೆಯುತ್ತದೆ, ಚುಕ್ಕಾಣಿಯ ಹಿಡಿ ಭಾರವಾಗುತ್ತದೆ. ಸೆಂಟರ್‌ಬೋರ್ಡನ್ನು (ದೋಣಿಯ ನಡುವಿನಿಂದ ನೀರಿಗಿಳಿಸುವ ಹಲಗೆಯನ್ನು) ಸ್ವಲ್ಪವೇ ಮೇಲೆತ್ತಿದರೆ ಅದು ಹಿಂದಕ್ಕೆ ವಾಲಿ ಸಮತೋಲ ಮರಳುತ್ತದೆ; ಸಾಲದಿದ್ದರೆ ಕಂಬವನ್ನು ತುಸು ಮುಂದಕ್ಕೆ ಬಾಗಿಸಿ. ಚುಕ್ಕಾಣಿಯನ್ನು ಒಮ್ಮೆಲೇ ಪೂರ್ತಿ ತಿರುಗಿಸಬೇಡಿ, ಹಾಗೆ ಮಾಡಿದರೆ ಅದು ನೀರಿನಲ್ಲಿ ಬ್ರೇಕಿನಂತೆ ನಿಲ್ಲುತ್ತದೆ.

ಹೀಗೆ ಕತ್ತರಿಸಿದ ಹಾಯಿಯನ್ನು ವರ್ಗದ ಸ್ಪರ್ಧೆಗಳಿಗೆ ಒಯ್ಯಬೇಡಿ, ಅಲ್ಲಿ ನಿಯಮದ ಅಳತೆಯ ಹಾಯಿಯೇ ಬೇಕು. ಮೂಲ ಜಿಬ್ ಅನ್ನು ಮಡಚದೆ ಸುರುಳಿ ಸುತ್ತಿ ಒಣಗಿದ ಜಾಗದಲ್ಲಿಡಿ. ಮಗ ದೊಡ್ಡವನಾದಾಗ ಅವನಿಗೆ ಅದು ಬೇಕಾಗುತ್ತದೆ.