ಬೀಗ ಹಾಕಲು ಬಂದವರು ಬೀಗರಾದ ಕಥೆ

ಓದುಗರ ಪತ್ರ:
“ಸಂಪಾದಕರೇ, ಕಳೆದ ಸಂಚಿಕೆಯ ತಂತ್ರಜ್ಞಾನ ಪುಟದಲ್ಲಿ, ಹಾಡಿನ ಸೀಡಿಗೆ ಕಂಪನಿ ಹಾಕಿದ ಬೀಗವನ್ನು ಮಾರ್ಕರ್ ಪೆನ್ನಿನಿಂದ ತೆಗೆದ ಸುದ್ದಿಯನ್ನು ನಗುನಗುತ್ತಾ ಬರೆದಿದ್ದೀರಿ. ‘ಬೀಗ ಹಾಕಲು ಬಂದವರು ಬೀಗರಾಗಿ ಉಳಿದರು’ ಎಂಬ ಸಾಲಿಗೆ ನಮ್ಮ ಮನೆಯವರೆಲ್ಲ ನಕ್ಕರು. ನಾನು ನಗಲಿಲ್ಲ. ಕಳ್ಳತನ ತಮಾಷೆಯೇ? ನಮ್ಮ ಪಕ್ಕದ ಮನೆಯ ಗಾಯಕರ ಭಾವಗೀತೆಯ ಕ್ಯಾಸೆಟ್ಟು ಒಂದು ಕಾಲದಲ್ಲಿ ಊರಿನ ಎಲ್ಲ ಮನೆಯಲ್ಲೂ ಇತ್ತು, ಅವರ ಜೇಬಿಗೆ ಮಾತ್ರ ಏನೂ ಬರಲಿಲ್ಲ. ಇನ್ನು ಖಾಸಗಿತನ ಎಂದು ಇಷ್ಟು ಗಲಾಟೆ ಯಾಕೆ? ಮುಚ್ಚಿಡುವಂಥದ್ದು ಏನೂ ಇಲ್ಲದವನಿಗೆ ಯಾವ ಭಯ?”
– ಸಾಗರದ ಒಬ್ಬ ನಿವೃತ್ತ ಶಿಕ್ಷಕರು

ಮೇಷ್ಟ್ರೇ, ನಮಸ್ಕಾರ.

ನಿಮ್ಮ ನಾಲ್ಕು ಪುಟದ ಪತ್ರ ತಲುಪಿತು. ಕೆಂಪು ಇಂಕಿನಲ್ಲಿ ಅಡಿಗೆರೆ ಎಳೆದ ಜಾಗ ನೋಡಿದಾಗ, ಹೋಮ್‌ವರ್ಕ್ ಮಾಡದೆ ಕ್ಲಾಸಿಗೆ ಬಂದ ಹುಡುಗನ ಪಾಡಾಯಿತು ನನ್ನದು. ಪತ್ರವನ್ನು ಕತ್ತರಿಸಿ ಚಿಕ್ಕದು ಮಾಡಿದ್ದೇನೆ, ಉತ್ತರವನ್ನು ಕತ್ತರಿಸಿಲ್ಲ. ಸಂಪಾದಕನಿಗೆ ಇರುವುದು ಇದೊಂದೇ ಸವಲತ್ತು, ಬಿಡಿ.

ಮೊದಲು ತಪ್ಪೊಪ್ಪಿಗೆ. ಹಾಡಿನ ಸೀಡಿಯೊಳಗಿನ ಗುಟ್ಟು ಬಯಲು ಮಾಡಿದ ಕಂಪ್ಯೂಟರ್ ತಜ್ಞ ಮಾರ್ಕ್ ರುಸಿನೋವಿಚ್ ಅವರನ್ನು ‘ಮೈಕ್ರೋಸಾಫ್ಟ್ ಎಂಜಿನಿಯರ್’ ಎಂದು ಬರೆದಿದ್ದೆವು. ನೀವು ಹೇಳಿದ್ದೇ ಸರಿ. 2005ರಲ್ಲಿ ಅವರು ಮೈಕ್ರೋಸಾಫ್ಟ್ ಸೇರಿರಲಿಲ್ಲ. ಅವರ ಕಂಪನಿಯನ್ನು ಅದು ಕೊಂಡದ್ದು 2006ರಲ್ಲಿ. ಒಂದು ಮಾರ್ಕು ಕಳೆಯಿರಿ.

ಉಳಿದದ್ದಕ್ಕೆ ಮಾತ್ರ ವಾದ ಮಾಡುತ್ತೇನೆ. ಕಳೆದ ತಿಂಗಳು ಒಂದು ಕುಕ್ಕರ್ ಜಾಹೀರಾತು ಕೊನೇ ಗಳಿಗೆಯಲ್ಲಿ ಬಂದು ಆ ಪುಟದ ಅರ್ಧ ನುಂಗಿತ್ತು. ಹಾಗಾಗಿ ನಿಮಗೆ ತಲುಪಿದ್ದು ನಗು ಮಾತ್ರ, ಕಥೆ ತಲುಪಲೇ ಇಲ್ಲ.

ಮಾರ್ಕರ್ ಪೆನ್ನಿನದು 2002ರ ಮಾತು. ಯುರೋಪಿನಲ್ಲಿ ಸೋನಿ ಕೆಲವು ಸೀಡಿಗಳು ಕಂಪ್ಯೂಟರಿನಲ್ಲಿ ಓಡದ ಹಾಗೆ ಮಾಡಿತ್ತು. ಸೀಡಿಯ ಹೊರ ಅಂಚಿನಲ್ಲಿ ಕಂಪ್ಯೂಟರಿನ ದಾರಿ ತಪ್ಪಿಸುವ ಸುಳ್ಳು ಮಾಹಿತಿಯ ಸುತ್ತೊಂದು ಇರುತ್ತಿತ್ತು. ಆ ಅಂಚಿಗೆ ಕಪ್ಪು ಮಾರ್ಕರ್ ಬಳಿದರೆ ಸುಳ್ಳು ಮುಚ್ಚಿಹೋಗಿ ಹಾಡು ಓಡುತ್ತಿತ್ತು. ಮರುವರ್ಷ ಇನ್ನೂ ಚೆನ್ನಾಗಿತ್ತು. ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಓದುತ್ತಿದ್ದ ಅಲೆಕ್ಸ್ ಹಾಲ್ಡರ್‌ಮನ್, ಸನ್‌ಕಾಮ್ ಎಂಬ ಕಂಪನಿಯ ಬೀಗ ತೆಗೆಯಲು ಸೀಡಿ ಹಾಕುವಾಗ ಶಿಫ್ಟ್ ಕೀ ಒತ್ತಿ ಹಿಡಿದರೆ ಸಾಕು ಎಂದು ಬರೆದರು. ಕಂಪನಿ ‘ಕೇಸು ಹಾಕುತ್ತೇವೆ’ ಎಂದಿತು. ಶಿಫ್ಟ್ ಕೀ ಒತ್ತಬಹುದು ಎಂದು ಹೇಳಿದ್ದಕ್ಕೆ! ಒಂದೆರಡು ದಿನದಲ್ಲೇ ಮಾತು ವಾಪಸ್ ತೆಗೆದುಕೊಂಡಿತು. ಇದಕ್ಕೂ ನಗಬಾರದು ಎಂದರೆ ನನ್ನ ಕೈಲಿ ಆಗುವುದಿಲ್ಲ ಮೇಷ್ಟ್ರೇ.

ನಮ್ಮ ಕ್ಯಾಸೆಟ್ಟಿಗೂ ಒಂದು ಬೀಗ ಇತ್ತು, ನೆನಪಿದೆಯಾ? ಬೆನ್ನ ಮೇಲಿನ ಎರಡು ಪುಟ್ಟ ಪ್ಲಾಸ್ಟಿಕ್ ಹಲ್ಲು ಮುರಿದರೆ ಅದರ ಮೇಲೆ ಮತ್ತೆ ರೆಕಾರ್ಡ್ ಆಗುತ್ತಿರಲಿಲ್ಲ. ಮನಸ್ಸು ಬದಲಾದರೆ ಆ ತೂತಿಗೆ ಕಾಗದ ತುರುಕಿದರೆ ಆಯಿತು, ಇಲ್ಲವೇ ಸೆಲ್ಲೋಟೇಪ್. ಆ ಬೀಗ ನಮ್ಮ ಕೈಯಲ್ಲಿತ್ತು. ಅದರಿಂದ ಕೆಟ್ಟವರು ಯಾರೂ ಇಲ್ಲ.

ಈಗ ಅಸಲಿ ಕಥೆಗೆ ಬರುತ್ತೇನೆ. ಮಾರ್ಕರ್ ಪೆನ್ನಿನಿಂದ ಕಂಪನಿಗಳು ಪಾಠ ಕಲಿತವು. ಆದರೆ ಕಲಿತದ್ದು ತಪ್ಪು ಪಾಠ: ಬೀಗವನ್ನು ಸೀಡಿಯ ಮೇಲೆ ಹಾಕಿದರೆ ತೆಗೆಯುತ್ತಾರೆ, ಕೊಂಡವನ ಕಂಪ್ಯೂಟರಿನ ಒಳಗೇ ಹಾಕೋಣ.

2005ರ ಅಕ್ಟೋಬರ್ 31. ರುಸಿನೋವಿಚ್ ತಮ್ಮ ಕಂಪ್ಯೂಟರ್ ತಪಾಸಣೆ ಮಾಡುವಾಗ ಒಳಗೆ ಏನೋ ಅವಿತು ಕೂತಿರುವುದು ಕಂಡಿತು ಎಂದು ಬರೆದರು. ಹುಡುಕಿ ಹೋದರೆ, ಅದು ಬಂದದ್ದು ಅವರೇ ದುಡ್ಡು ಕೊಟ್ಟು ಕೊಂಡ ಸೋನಿ ಬಿಎಂಜಿಯ ಹಾಡಿನ ಸೀಡಿಯಿಂದ. ಸೀಡಿ ಹಾಕಿದರೆ ಒಂದು ಒಪ್ಪಂದ ಪತ್ರ ತೆರೆದುಕೊಳ್ಳುತ್ತಿತ್ತು. ‘ಒಪ್ಪಿದೆ’ ಎಂದರೆ ಹಾಡಿನ ಪ್ಲೇಯರ್ ಜೊತೆಗೆ ಎಕ್ಸ್‌ಸಿಪಿ ಎಂಬ ಸಾಫ್ಟ್‌ವೇರ್ ಇಳಿಯುತ್ತಿತ್ತು. ಮೂರಕ್ಕಿಂತ ಜಾಸ್ತಿ ಪ್ರತಿ ಮಾಡದ ಹಾಗೆ ಕಾಯುವುದು ಅದರ ಕೆಲಸ. ಕಾಯಲಿ, ಬೇಡ ಅನ್ನುವುದಿಲ್ಲ. ಆದರೆ ತನ್ನನ್ನು ಯಾರೂ ನೋಡಬಾರದು ಎಂದು ಅದು ವಿಂಡೋಸ್‌ನ ಕಣ್ಣಿಗೇ ಬಟ್ಟೆ ಕಟ್ಟಿತು. ಡಾಲರ್ ಗುರುತು, ‘ಸಿಸ್’, ಮತ್ತೊಂದು ಡಾಲರ್ ಗುರುತು: ಹೆಸರು ಹೀಗೆ ಶುರುವಾಗುವ ಯಾವ ಫೈಲೂ ಕಾಣಿಸದು. ಇಂಥ ಕಣ್ಕಟ್ಟಿಗೆ ರೂಟ್‌ಕಿಟ್ ಅನ್ನುತ್ತಾರೆ. ಕಂಪ್ಯೂಟರಿಗೆ ಕನ್ನ ಹಾಕುವವರ ಉಪಕರಣ ಅದು.

ಆಮೇಲೆ ಆದದ್ದು ಕೇಳಿ. ಆ ಹೆಸರು ಇಟ್ಟುಕೊಂಡರೆ ಯಾರು ಬೇಕಾದರೂ ಅವಿತುಕೊಳ್ಳಬಹುದು ಅಲ್ವಾ? ಕಂಪ್ಯೂಟರ್ ಆಟದಲ್ಲಿ ಮೋಸ ಮಾಡುವವರು ತಮ್ಮ ಮೋಸದ ಪ್ರೋಗ್ರಾಮಿಗೆ ಅದೇ ಹೆಸರಿಟ್ಟು ಅಡಗಿಸಿದರು. ಹತ್ತೇ ದಿನದಲ್ಲಿ ವೈರಸ್ ಬರೆಯುವವರೂ ಬಂದರು. ಸೋನಿ ಬೀಗ ಹಾಕಿ, ಬಾಗಿಲನ್ನು ಊರಿಗೆಲ್ಲ ತೆರೆದಿಟ್ಟಿತ್ತು.

ಬೇಡ ಎಂದು ತೆಗೆಯೋಣ ಎಂದರೆ ತೆಗೆಯುವ ದಾರಿಯೇ ಇಲ್ಲ. ವೆಬ್‌ಸೈಟಿಗೆ ಹೋಗಿ ಇಮೇಲ್ ವಿಳಾಸ ಬರೆದು ಅರ್ಜಿ ಹಾಕಬೇಕು. ಮನೆಗೆ ನುಗ್ಗಿದವನನ್ನು ಹೊರಗೆ ಕಳಿಸಲು ಅವನಿಗೇ ಅರ್ಜಿ! ಹಾಗೆ ಸಿಕ್ಕ ಔಷಧಿ ರೋಗಕ್ಕಿಂತ ಕೆಟ್ಟದಾಗಿತ್ತು. ಅದನ್ನು ಹಾಕಿಕೊಂಡ ಕಂಪ್ಯೂಟರಿನೊಳಗೆ ಯಾವ ವೆಬ್ ಪುಟ ಬೇಕಾದರೂ ಕೈ ಹಾಕಬಹುದು ಎಂದು ತೋರಿಸಿದವರು ಪ್ರಿನ್ಸ್‌ಟನ್‌ನ ಪ್ರಾಧ್ಯಾಪಕ ಎಡ್ ಫೆಲ್ಟನ್ ಮತ್ತು ಅದೇ ಶಿಫ್ಟ್ ಕೀ ಹಾಲ್ಡರ್‌ಮನ್.

ನಾವು ‘ಬೀಗರಾಗಿ ಉಳಿದರು’ ಎಂದದ್ದು ಇದಕ್ಕೆ. ಬಂದವರು ಹೋಗಲಿಲ್ಲ. ಅಡುಗೆಮನೆವರೆಗೆ ಓಡಾಡಿದರು. ಹೋಗಿ ಎಂದು ಬಾಯಿಬಿಟ್ಟು ಹೇಳುವ ಹಾಗೂ ಇಲ್ಲ.

ಈಗ ನೀವು ಕೇಳಿದ ಕಳ್ಳನ ವಿಷಯ. ಅದೇ ಹಾಡುಗಳನ್ನು ಪುಕ್ಕಟೆ ಇಳಿಸಿಕೊಂಡವನಿಗೆ ಈ ರೂಟ್‌ಕಿಟ್ ಬರಲಿಲ್ಲ. ಅವನ ಫೈಲಿನಲ್ಲಿ ಇದ್ದದ್ದು ಬರೀ ಹಾಡು. ಶಿಕ್ಷೆ ಆದದ್ದು ಅಂಗಡಿಗೆ ಹೋಗಿ, ದುಡ್ಡು ಕೊಟ್ಟು, ರಸೀದಿ ಪಡೆದು ಬಂದವನಿಗೆ, ಅಂದರೆ ನಿಮ್ಮಂಥವರಿಗೆ. ಒಟ್ಟು 52 ಆಲ್ಬಂ, 47 ಲಕ್ಷ ಸೀಡಿ, ಅದರಲ್ಲಿ 21 ಲಕ್ಷ ಮಾರಾಟವಾಗಿತ್ತು. ನನ್ನ ಸಿಟ್ಟು ಕಾಪಿರೈಟ್ ಮೇಲಲ್ಲ, ಈ ಲೆಕ್ಕದ ಮೇಲೆ.

ಒಪ್ಪಂದ ಪತ್ರದ ಸೊಗಸು ಬೇರೆಯೇ. ಅದನ್ನು ಪೂರ್ತಿ ಓದಿದ ಪುಣ್ಯಾತ್ಮರು, ಡಿಜಿಟಲ್ ಹಕ್ಕುಗಳಿಗಾಗಿ ಹೋರಾಡುವ ಅಮೆರಿಕದ ಸಂಸ್ಥೆ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ನಿನವರು. ಕಳ್ಳ ಬಂದು ನಿಮ್ಮ ಸೀಡಿ ಕದ್ದರೆ, ಕಂಪ್ಯೂಟರಿಗೆ ಹಾಕಿಕೊಂಡ ಪ್ರತಿಯನ್ನು ನೀವೇ ಅಳಿಸಬೇಕು. ದೇಶ ಬಿಟ್ಟು ಹೋದರೂ ಅಳಿಸಬೇಕು. ದಿವಾಳಿಯಾದರೂ ಅಳಿಸಬೇಕು! ನಮ್ಮ ಕಡೆ ನವಕೋಟಿ ನಾರಾಯಣ ಎನಿಸಿಕೊಂಡವರು ಎಲ್ಲ ಬಿಟ್ಟು ಬರಿಗೈಯಾದ ಮೇಲೆಯೇ ಹಾಡಲು ಶುರು ಮಾಡಿದ್ದು. ಪುರಂದರದಾಸರದು ದಿವಾಳಿ ಅಲ್ಲ, ದಾನ ಎಂದು ನೀವು ಕೆಂಪು ಗೆರೆ ಎಳೆಯುತ್ತೀರಿ, ಗೊತ್ತು. ಆದರೂ ಸೋನಿಯ ವಕೀಲರು ಆಗ ಇದ್ದಿದ್ದರೆ ತಂಬೂರಿಯನ್ನೂ ಕೇಳುತ್ತಿದ್ದರು.

ಇನ್ನೊಂದು ತಮಾಷೆ. ಕಾಪಿರೈಟ್ ಕಾಯಲು ಬಂದ ಈ ಎಕ್ಸ್‌ಸಿಪಿಯ ಒಳಗೆ ಲೇಮ್ ಎಂಬ ಎಂಪಿ3 ಸಾಫ್ಟ್‌ವೇರಿನ ತುಣುಕು ಸಿಕ್ಕಿತು. ಅದನ್ನು ಯಾರು ಬೇಕಾದರೂ ಬಳಸಬಹುದು, ಆದರೆ ಷರತ್ತು ಪಾಲಿಸಬೇಕು. ಇವರು ಪಾಲಿಸಿರಲಿಲ್ಲ. ಕಾವಲುಗಾರನ ಜೇಬಿನಲ್ಲೇ ಪಕ್ಕದ ಮನೆಯ ಚಮಚ! ಮತ್ತೆ ಇದೇ ಸೋನಿ, ಟಿ.ವಿ. ಕಾರ್ಯಕ್ರಮವನ್ನು ಆಮೇಲೆ ನೋಡಲು ಮನೆಯಲ್ಲಿ ರೆಕಾರ್ಡ್ ಮಾಡಿಕೊಳ್ಳುವುದು ತಪ್ಪಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ 1984ರಲ್ಲಿ ವಾದಿಸಿ ಗೆದ್ದದ್ದು. ಆಗ ಅದು ವಿಡಿಯೋ ರೆಕಾರ್ಡರ್ ಮಾರುತ್ತಿತ್ತು ನೋಡಿ, ಅಮೆರಿಕದ ಹಾಡಿನ ಕಂಪನಿಯನ್ನು ಇನ್ನೂ ಕೊಂಡಿರಲಿಲ್ಲ.

ಖಾಸಗಿತನದ ವಿಷಯಕ್ಕೆ ಬರೋಣ. ನಿಮ್ಮ ಪತ್ರ ಬಂದ ಲಕೋಟೆ ನನ್ನ ಮೇಜಿನ ಮೇಲಿದೆ. ಗೋಂದು ಹಚ್ಚಿ, ಅದರ ಮೇಲೆ ಸ್ಟೇಪ್ಲರ್ ಪಿನ್ ಹೊಡೆದು, ‘ಸಂಪಾದಕರು ಮಾತ್ರ ತೆರೆಯತಕ್ಕದ್ದು’ ಎಂದು ಬರೆದಿದ್ದೀರಿ. ಒಳಗೆ ಕೊನೇ ಸಾಲಿನಲ್ಲಿ ‘ದಯವಿಟ್ಟು ನನ್ನ ಹೆಸರು ಪ್ರಕಟಿಸಬೇಡಿ’ ಎಂದಿದೆ. ಪ್ರಕಟಿಸಿಲ್ಲ. ಮೇಷ್ಟ್ರೇ, ನೀವು ಮುಚ್ಚಿಡುವಂಥದ್ದು ಏನು ಬರೆದಿದ್ದಿರಿ? ಏನೂ ಇಲ್ಲ. ಆದರೂ ಹೆಸರು ಬೇಡ ಅನ್ನಿಸಿತು. ಅದಕ್ಕೆ ಕಾರಣ ಕೇಳುವ ಹಕ್ಕು ನನಗಿಲ್ಲ. ನಾನು ಹೇಳಬೇಕಿದ್ದ ವಾದವನ್ನು ನೀವೇ ಪಿನ್ ಹೊಡೆದು ಕಳಿಸಿದ್ದೀರಿ.

ಆ ಸೀಡಿಯ ಪ್ಲೇಯರ್ ಕೂಡ ಇಂಟರ್ನೆಟ್ ಮೂಲಕ ಕಂಪನಿಯ ಸರ್ವರಿಗೆ ಈ ಆಲ್ಬಂ ಹಾಕಿದ್ದಾರೆ ಎಂದು ತಿಳಿಸುತ್ತಿತ್ತು. ಯಾರ ಮಾಹಿತಿಯನ್ನೂ ಕೂಡಿಡುತ್ತಿಲ್ಲ ಎಂದು ಕಂಪನಿ ಹೇಳಿತು. ಇರಬಹುದು. ಆದರೆ ಹೀಗೆ ತಿಳಿಸುತ್ತೇನೆ ಎಂದು ಮೊದಲೇ ಹೇಳಬೇಕಿತ್ತು ಅಲ್ವಾ?

ಹೆಸರು ಕೇಳುವ ಆಟ ಅದಕ್ಕೂ ಹಿಂದೆಯೇ ಶುರುವಾಗಿತ್ತು. ಅಮೆರಿಕದ ಹಾಡಿನ ಕಂಪನಿಗಳ ಸಂಘ ವೆರಿಝಾನ್ ಎಂಬ ಇಂಟರ್ನೆಟ್ ಕಂಪನಿಗೆ, ಈ ಗ್ರಾಹಕ ಯಾರು, ಹೆಸರು ಕೊಡಿ ಎಂದು ಕೇಳಿತು. ಜಡ್ಜ್ ಮುಂದೆ ಕೇಸು ಹಾಕದೆ, ಕೋರ್ಟಿನ ಗುಮಾಸ್ತರ ಮೊಹರು ಹಾಕಿಸಿಕೊಂಡು. ಹಾಗೆಲ್ಲ ಕೇಳುವಂತಿಲ್ಲ ಎಂದು ಮೇಲಿನ ಕೋರ್ಟು 2003ರ ಡಿಸೆಂಬರ್‌ನಲ್ಲಿ ಹೇಳಿತು. ಕೇಸುಗಳ ಸುರಿಮಳೆ ನಿಲ್ಲಲಿಲ್ಲ. 2005ರಲ್ಲಿ, ಆಗಲೇ ತೀರಿಕೊಂಡಿದ್ದ 83 ವರ್ಷದ ಅಜ್ಜಿಯೊಬ್ಬರ ಮೇಲೂ ಕೇಸು ಬಿತ್ತು. ಹಾಡು ಹಂಚಿದರು ಎಂದು. ಮುಚ್ಚಿಡಲು ಆ ಅಜ್ಜಿಯ ಬಳಿ ಏನಿತ್ತು, ಹೇಳಿ? ತಪ್ಪು ಮಾಡದವನಿಗೆ ಭಯ ಯಾಕೆ ಎಂದಿರಿ. ಪಟ್ಟಿ ಮಾಡುವವನು ತಪ್ಪು ಮಾಡುತ್ತಾನೆ, ಅದಕ್ಕೆ.

ನಮ್ಮ ದೇಶದಲ್ಲಿ ಈ ಪ್ರಶ್ನೆ ಹೊತ್ತು 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದವರೂ ನಿಮ್ಮ ಹಾಗೆ ನಿವೃತ್ತರೇ. ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಯಾಗಿದ್ದ ಕೆ.ಎಸ್. ಪುಟ್ಟಸ್ವಾಮಿ. ಆಗಲೇ ಎಂಬತ್ತು ದಾಟಿತ್ತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳೂ ಖಾಸಗಿತನ ಮೂಲಭೂತ ಹಕ್ಕು ಎಂದು ಒಂದೇ ಮಾತು ಹೇಳಿದರು.

ನಿಮ್ಮ ಪಕ್ಕದ ಮನೆಯ ಗಾಯಕರ ವಿಷಯಕ್ಕೆ ಮಾತ್ರ ನಗುವುದಿಲ್ಲ. ಅಲ್ಲಿ ನಾನೂ ಆರೋಪಿ. ಕಾಲೇಜಿನಲ್ಲಿದ್ದಾಗ ಹಾಡಿನ ಪಟ್ಟಿ ಬರೆದು ಕ್ಯಾಸೆಟ್ ಅಂಗಡಿಗೆ ಕೊಟ್ಟು ‘ಸೆಲೆಕ್ಷನ್’ ಮಾಡಿಸಿಕೊಂಡವನು ನಾನು. ದುಡ್ಡು ಕೊಟ್ಟೆ, ಆದರೆ ಅಂಗಡಿಯವನಿಗೆ. ಹಾಡಿದವರಿಗೆ ನಾಲ್ಕಾಣೆಯೂ ಹೋಗಲಿಲ್ಲ. ಆ ಖಾಲಿ ಕ್ಯಾಸೆಟ್ಟಿನ ಮೇಲೆ ಸೋನಿ ಎಂದೇ ಇತ್ತು, ಅದು ಬೇರೆ ಮಾತು.

ಆದರೆ ಅವರನ್ನು ಒಮ್ಮೆ ಕೇಳಿ ನೋಡಿ: ಕಾನೂನು ಪ್ರಕಾರ ಮಾರಾಟವಾದ ಕ್ಯಾಸೆಟ್ಟಿನಿಂದ ಎಷ್ಟು ಬಂತು ಎಂದು. ಆಗ ಎಷ್ಟೋ ಗಾಯಕರಿಗೆ ಸಿಗುತ್ತಿದ್ದದ್ದು ರೆಕಾರ್ಡಿಂಗ್ ದಿನ ಒಂದು ಕವರು. ಆಮೇಲೆ ಹತ್ತು ಮಾರಲಿ, ಹತ್ತು ಸಾವಿರ ಮಾರಲಿ, ಲೆಕ್ಕ ಅವರಿಗಿಲ್ಲ. ಅದನ್ನು ಬದಲಿಸಲು ಹೊರಟದ್ದು ಯಾವ ರೂಟ್‌ಕಿಟ್ಟೂ ಅಲ್ಲ, 2012ರ ಕಾಪಿರೈಟ್ ತಿದ್ದುಪಡಿ. ಹಾಡು ಬರೆದವರು, ರಾಗ ಹಾಕಿದವರು ತಮ್ಮ ರಾಯಲ್ಟಿ ಪಾಲನ್ನು ನಿರ್ಮಾಪಕರಿಗೆ ಬರೆದುಕೊಡುವ ಹಾಗೇ ಇಲ್ಲ ಎಂದಿತು ಅದು. ಹಾಡಿದವರಿಗೂ ರಾಯಲ್ಟಿ ಎಂದಿತು. ರಾಜ್ಯಸಭೆಯಲ್ಲಿ ಅದಕ್ಕೆ ಗಟ್ಟಿಯಾಗಿ ದನಿಯೆತ್ತಿದವರು ಜಾವೇದ್ ಅಖ್ತರ್. ಕದಿಯುವ ಉದ್ದೇಶದಿಂದ ಡಿಜಿಟಲ್ ಬೀಗ ಒಡೆದರೆ ಎರಡು ವರ್ಷದವರೆಗೆ ಜೈಲು ಎಂಬುದೂ ಅದೇ ತಿದ್ದುಪಡಿಯಲ್ಲಿದೆ. ನಿಮ್ಮ ಮನೆಯ ಮಕ್ಕಳಿಗೆ ಅದನ್ನೂ ಓದಿ ಹೇಳಿ, ನನ್ನ ಅಭ್ಯಂತರ ಇಲ್ಲ.

ಬೀಗ ಎಷ್ಟು ದೊಡ್ಡದಿರಬೇಕು ಎಂಬ ಜಗಳ ಬೆಂಗಳೂರಿಗೂ ಬಂದಿತ್ತು. 2022ರ ನವೆಂಬರ್‌ನಲ್ಲಿ ಕೆಜಿಎಫ್ ಎರಡನೇ ಭಾಗದ ಹಾಡನ್ನು ಭಾರತ್ ಜೋಡೋ ಯಾತ್ರೆಯ ವಿಡಿಯೋಗೆ ಬಳಸಿದ್ದಾರೆ ಎಂದು ಆ ಹಾಡಿನ ಹಕ್ಕು ಹೊಂದಿದ್ದ ಎಂಆರ್‌ಟಿ ಮ್ಯೂಸಿಕ್ ಕಂಪನಿ ಕೋರ್ಟಿಗೆ ಹೋಯಿತು. ಇಲ್ಲಿನ ವಾಣಿಜ್ಯ ನ್ಯಾಯಾಲಯ ಕಾಂಗ್ರೆಸ್ಸಿನ ಟ್ವಿಟರ್ ಖಾತೆಯನ್ನೇ ತಡೆಹಿಡಿಯಲು ಹೇಳಿತು. ಮರುದಿನ ಹೈಕೋರ್ಟು, ಹಾಡಿರುವ ವಿಡಿಯೋ ತೆಗೆಯಿರಿ, ಖಾತೆ ಇರಲಿ ಎಂದಿತು. ಪಕ್ಷ ಯಾವುದೇ ಇರಲಿ, ನನಗೆ ಎರಡನೆಯದು ಸರಿ ಕಾಣುತ್ತದೆ. ಕೊಳೆತ ಹಣ್ಣು ತೆಗೆಯಲು ಮರ ಕಡಿಯಬೇಕಿಲ್ಲ.

ಇನ್ನು ನಮ್ಮ ನಗು. ಗಲಾಟೆ ಎದ್ದಾಗ ಸೋನಿ ಬಿಎಂಜಿಯ ಡಿಜಿಟಲ್ ವ್ಯವಹಾರದ ಮುಖ್ಯಸ್ಥ ಥಾಮಸ್ ಹೆಸ್ ಅಮೆರಿಕದ ರೇಡಿಯೋದಲ್ಲಿ ಹೇಳಿದ್ದು ಇದು: ಬಹುಪಾಲು ಜನಕ್ಕೆ ರೂಟ್‌ಕಿಟ್ ಅಂದರೇನು ಎಂದೇ ಗೊತ್ತಿಲ್ಲ, ಹಾಗಿರುವಾಗ ಅವರು ಯಾಕೆ ತಲೆ ಕೆಡಿಸಿಕೊಳ್ಳಬೇಕು? ಸಾಂಬಾರಿಗೆ ಏನು ಹಾಕಿದ್ದೇವೆ ಎಂದು ಗಿರಾಕಿಗೆ ಗೊತ್ತೇ ಇಲ್ಲ, ಅವನಿಗೇನು ಚಿಂತೆ ಎಂದು ಹೋಟೆಲಿನವರು ಹೇಳಿದ ಹಾಗಾಯಿತು. ಗೊತ್ತಿಲ್ಲದ್ದು ನಿಜ. ರೂಟ್‌ಕಿಟ್ ಎಂದು ಎರಡು ಪುಟ ಗಂಭೀರವಾಗಿ ಬರೆದರೆ ನಿಮ್ಮ ಮನೆಯಲ್ಲಿ ಯಾರು ಓದುತ್ತಿದ್ದರು? ‘ಬೀಗರು’ ಎಂದದ್ದಕ್ಕೆ ಓದಿದರು, ನಕ್ಕರು. ನೀವು ಸಿಟ್ಟಾಗಿ ನಾಲ್ಕು ಪುಟ ಬರೆದಿರಿ. ಅಮೆರಿಕದಲ್ಲೂ ಹೆಚ್ಚುಕಮ್ಮಿ ಹೀಗೇ. ಜನ ನಕ್ಕರು, ಬೈದರು, ನವೆಂಬರ್ ಮುಗಿಯುವುದರೊಳಗೆ ಕಂಪನಿ ಸೀಡಿಗಳನ್ನು ವಾಪಸ್ ಕರೆಸಿಕೊಂಡಿತು, ಟೆಕ್ಸಸ್ ರಾಜ್ಯ ಕೇಸು ಹಾಕಿತು. ಕೊಂಡವರಿಗೆ ಸಿಕ್ಕ ಪರಿಹಾರ ಏಳೂವರೆ ಡಾಲರ್ ಮತ್ತು ಒಂದು ಆಲ್ಬಂ, ಇಲ್ಲವೇ ಮೂರು ಆಲ್ಬಂ. ಕಂಪ್ಯೂಟರ್ ಕೆಟ್ಟವರಿಗೆ 150 ಡಾಲರ್‌ವರೆಗೆ ಕೊಡಬೇಕು ಎಂದು 2007ರಲ್ಲಿ ತೀರ್ಮಾನವಾಯಿತು.

‘ಬೀಗರನ್ನು ಇದಕ್ಕೆ ಎಳೆಯಬಾರದಿತ್ತು’ ಎಂದು ಪಕ್ಕದಲ್ಲಿ ಗೀಚಿದ್ದೀರಿ. ಅದನ್ನು ಒಪ್ಪುತ್ತೇನೆ. ನಮ್ಮ ಬೀಗರೂ ಪತ್ರಿಕೆ ಓದುತ್ತಾರೆ ಎಂದು ತಡವಾಗಿ ಗೊತ್ತಾಯಿತು.

ಪತ್ರದ ಕೊನೆಗೆ, ಕೆಂಪು ಇಂಕು ಬಿಟ್ಟು ಪೆನ್ಸಿಲ್ಲಿನಲ್ಲಿ, ಒಂದು ಪ್ರಶ್ನೆ ಕೇಳಿದ್ದೀರಿ. ಮೊಮ್ಮಗಳು ಫೋನಿಗೆ ಹಾಡಿನ ಆ್ಯಪ್ ಹಾಕಿಕೊಟ್ಟಿದ್ದಾಳೆ, ಅದು ಕಾಂಟ್ಯಾಕ್ಟ್ಸ್ ನೋಡಲು ಅನುಮತಿ ಕೇಳುತ್ತಿದೆ, ಕೊಡಲೋ ಬೇಡವೋ ಎಂದು. ಬೇಡ ಎಂದು ಒತ್ತಿ. ಹಾಡು ಆಮೇಲೂ ಓಡುತ್ತದೆ. ಓಡದಿದ್ದರೆ ಅದನ್ನು ತೆಗೆದು ಬೇರೆ ಹಾಕಿಕೊಡಲು ಮೊಮ್ಮಗಳಿಗೆ ಹೇಳಿ. ನೀವು ಸುಮ್ನೆ ಕೂತು ಭೀಮಪಲಾಸಿ ಕೇಳುವುದಕ್ಕೆ ಅವರಿಗೆ ನಿಮ್ಮ ಬೀಗರ ನಂಬರ್ ಯಾಕೆ?

– ಸಂ.