ಸ್ಪಾರಿಂಗ್‌ನಲ್ಲಿ ಹುಡುಗ ಕೆರಳಿದರೆ ಏನು ಮಾಡಬೇಕು

ಸರ್, ಬಾಕ್ಸಿಂಗ್ ಸ್ಪಾರಿಂಗ್‌ನಲ್ಲಿ, ಅಂದರೆ ಜೊತೆಗಾರನೊಂದಿಗಿನ ಅಭ್ಯಾಸದ ಕಾದಾಟದಲ್ಲಿ, ಮೂಗಿಗೆ ಒಂದು ಬಿದ್ದ ಕೂಡಲೇ ನಿಮ್ಮ ಮಗ ಕೆರಳಿ ಮನಬಂದಂತೆ ಕೈ ಬೀಸುತ್ತಾನೆ ಅಂತ ಬರೆದಿದ್ದೀರಿ. "ಇರಲಿ ಬಿಡಿ, ಬಾಕ್ಸರ್‌ಗೆ ಸಿಟ್ಟೇ ಬಂಡವಾಳ" ಅಂತ ನಿಮ್ಮ ಪ್ರಶ್ನೆಗೆ ಕೆಲವರು ಉತ್ತರ ಕೊಟ್ಟಿದ್ದಾರೆ. ನಾನು ಖಂಡಿತ ಒಪ್ಪುವುದಿಲ್ಲ.

ಸಿಟ್ಟು ಬಂದಾಗ ಮೊದಲು ಕೆಡುವುದು ಉಸಿರು. ಹುಡುಗ ಉಸಿರು ಬಿಗಿಹಿಡಿಯುತ್ತಾನೆ, ಹೆಗಲು ಸೆಟೆದುಕೊಳ್ಳುತ್ತದೆ, ಪಂಚ್ ನೇರ ಹೋಗದೆ ಸುತ್ತಿ ಬರುತ್ತದೆ. ಬಲಗೈ ಬೀಸುವಾಗ ಎಡಗೈ ಗದ್ದ ಬಿಟ್ಟು ಕೆಳಗಿಳಿದಿರುತ್ತದೆ. ಎದುರಿನವನಿಗೆ ಇನ್ನೇನು ಬೇಕು?

2015ರ ಡಿಸೆಂಬರ್‌ನಲ್ಲಿ ಲಾಸ್ ವೇಗಸ್‌ನಲ್ಲಿ ನಡೆದ ಯುಎಫ್‌ಸಿ (ಪಂಚ್, ಒದೆ, ಕುಸ್ತಿ ಎಲ್ಲ ಸೇರಿದ ಮಿಶ್ರ ಕಾಳಗದ ಸ್ಪರ್ಧೆ) ಪಂದ್ಯ ನೋಡಿ. ಚಾಂಪಿಯನ್ ಜೋಸೆ ಆಲ್ಡೊ ಹತ್ತು ವರ್ಷದಿಂದ ಸೋತಿರಲಿಲ್ಲ. ಎದುರಾಳಿ ಕಾನರ್ ಮೆಕ್‌ಗ್ರೆಗರ್ ತಿಂಗಳುಗಟ್ಟಲೆ ಅವನನ್ನು ಕೆಣಕಿದ್ದ, ಡಬ್ಲಿನ್‌ನಲ್ಲಿ ಎಲ್ಲರೆದುರು ಅವನ ಚಾಂಪಿಯನ್ ಬೆಲ್ಟ್ ಕಿತ್ತುಕೊಂಡಿದ್ದ. ಗಂಟೆ ಬಾರಿಸಿದ್ದೇ ತಡ, ತಾಳ್ಮೆಗೆ ಹೆಸರಾದ ಆಲ್ಡೊ ನುಗ್ಗಿಬಿಟ್ಟ. ಮೆಕ್‌ಗ್ರೆಗರ್ ಹಿಂದೆ ಸರಿಯುತ್ತಲೇ ಎಡಗೈಯಲ್ಲಿ ಗದ್ದಕ್ಕೆ ಕೊಟ್ಟ. 13 ಸೆಕೆಂಡಿಗೆ ಪಂದ್ಯ ಮುಗಿಯಿತು. ಆ ನುಗ್ಗುವಿಕೆಯಲ್ಲಿ ಕೆಣಕಿದ್ದರ ಪಾಲು ದೊಡ್ಡದು ಅಂತಲೇ ನನ್ನ ಅಭಿಪ್ರಾಯ.

"ಸಿಟ್ಟಾಗಬೇಡ" ಅಂತ ಸುಮ್ನೆ ಬೈದರೆ ಉಪಯೋಗವಿಲ್ಲ. ಏಟು ಬಿದ್ದಾಗ ಏನು ಮಾಡಬೇಕು ಅನ್ನುವುದನ್ನು ಕೈಕಾಲಿಗೆ ರೂಢಿ ಮಾಡಿಸಬೇಕು. ಉಸಿರು ಬಾಯಿಂದ ಜೋರಾಗಿ ಬಿಡುವುದು, ಕೈ ಗದ್ದಕ್ಕೆ, ಒಂದು ಹೆಜ್ಜೆ ಪಕ್ಕಕ್ಕೆ, ಆಮೇಲೆ ಒಂದೇ ಒಂದು ಜ್ಯಾಬ್ (ಮುಂದಿನ ಕೈಯ ನೇರ ಪಂಚ್). ಪಕ್ಕದಿಂದ ಸುತ್ತಿ ಬೀಸುವ ಹುಕ್ ಬೇಡವೇ ಬೇಡ. ಜೊತೆಗಾರನಿಗೆ ಹೇಳಿ ಮೆಲ್ಲಗೆ ಹಣೆಗೆ ತಟ್ಟಿಸಿ, ತಟ್ಟಿದಾಗಲೆಲ್ಲ ಇಷ್ಟನ್ನೇ ಮಾಡಲಿ. ಸರಿಯಾಗಿ ಬರುತ್ತಿದೆ ಅನ್ನಿಸಿದ ಮೇಲೆ ಏಟಿನ ಜೋರು ಸ್ವಲ್ಪ ಸ್ವಲ್ಪ ಏರಿಸಿ. ಜೊತೆಗಾರ ವಯಸ್ಸಿನಲ್ಲಿ ದೊಡ್ಡವನು, ಶಾಂತ ಸ್ವಭಾವದವನು ಆದರೆ ಒಳ್ಳೆಯದು. ಇಬ್ಬರು ಮುಂಗೋಪಿಗಳನ್ನು ಎದುರುಬದುರು ನಿಲ್ಲಿಸಬೇಡಿ.

ಸಿಟ್ಟು ಇಳಿಯಲಿ ಅಂತ ಪಂಚಿಂಗ್ ಬ್ಯಾಗ್‌ಗೆ ಹೊಡೆಸುವುದೂ ಬೇಡ. ಮನೋವಿಜ್ಞಾನಿ ಬ್ರಾಡ್ ಬುಷ್‌ಮನ್ ಅವರ 2002ರ ಪ್ರಯೋಗದಲ್ಲಿ, ತಮ್ಮನ್ನು ರೇಗಿಸಿದವರನ್ನು ನೆನೆಯುತ್ತ ಬ್ಯಾಗ್‌ಗೆ ಹೊಡೆದವರ ಸಿಟ್ಟು ಸುಮ್ಮನೆ ಕೂತವರಿಗಿಂತ ಜಾಸ್ತಿಯೇ ಇತ್ತು. ಕೆರಳಿದ ಹುಡುಗ ರಿಂಗ್‌ನ ಹಗ್ಗದ ಹೊರಗೆ ಕೂತು ಉಸಿರು ಎಳೆದು ಬಿಡಲಿ, ನೀರು ಕುಡಿಯಲಿ. ಅವತ್ತು ಮತ್ತೆ ಕೆರಳಿದರೆ ಗ್ಲೌಸ್ ಬಿಚ್ಚಿಸಿಬಿಡಿ. ಹಟ ಮಾಡಿದರೂ ಬಿಡಬೇಡಿ. ಅಂಥ ಸ್ಥಿತಿಯಲ್ಲಿ ತಲೆಗೆ ಬೀಳುವ ಏಟು ಅವನಿಗೂ ಕೆಟ್ಟದ್ದು, ಎದುರಿನ ಹುಡುಗನಿಗೂ ಕೆಟ್ಟದ್ದು.