ಭೂವಿಜ್ಞಾನಿಗೆ ಕೆಲಸ ಎಲ್ಲಿ ಸಿಗುತ್ತದೆ, ಏನೇನು ಕಲಿತಿರಬೇಕು?
ಗಣಿ, ತೈಲ ಶೋಧನೆಯಷ್ಟೇ ಅಲ್ಲ. ಅಂತರ್ಜಲ, ಸುರಂಗ ಮತ್ತು ಅಣೆಕಟ್ಟಿನ ತಳಪಾಯ ಪರೀಕ್ಷೆ, ಭೂಕುಸಿತ ಅಧ್ಯಯನ, ಲಿಥಿಯಂ ಹುಡುಕಾಟದಲ್ಲೂ ಕೆಲಸವಿದೆ. ಗಣಿ, ತೈಲದ ನೇಮಕಾತಿ ಮಾರುಕಟ್ಟೆ ಬೆಲೆಯ ಜೊತೆ ಏರಿಳಿಯುತ್ತದೆ. ಅಂತರ್ಜಲ ಕ್ಷೇತ್ರ ಅಷ್ಟು ಅಲುಗಾಡುವುದಿಲ್ಲ. ಪದವಿ ಸಾಕಾಗುವುದು ಸಹಾಯಕ ಹುದ್ದೆಗಳಿಗೆ, ಸ್ವತಂತ್ರ ಹೊಣೆಗೆ ಸಾಮಾನ್ಯವಾಗಿ ಎಂ.ಎಸ್ಸಿ. ಕೇಳುತ್ತಾರೆ.

ಕ್ಷೇತ್ರಕಾರ್ಯವೇ ಇದರ ಜೀವಾಳ. ಕಂಪಾಸ್ ಹಿಡಿದು ಶಿಲಾಪದರದ ದಿಕ್ಕು, ಇಳಿಜಾರಿನ ಕೋನ ಅಳೆಯಲು, ಕೊರೆದು ತೆಗೆದ ಕೋರ್ ಅನ್ನು, ಅಂದರೆ ಕಂಬದಾಕಾರದ ಶಿಲಾ ಮಾದರಿಯನ್ನು, ಆಳದ ಸಮೇತ ದಾಖಲಿಸಲು ಬರಬೇಕು. ಕಬ್ಬಿಣದ ಸುತ್ತಿಗೆ ಪಕ್ಕದಲ್ಲಿದ್ದರೆ ಕಂಪಾಸಿನ ಮುಳ್ಳು ತಪ್ಪು ತೋರಿಸುತ್ತದೆ. ಕಾಂತೀಯ ಉತ್ತರಕ್ಕೂ ನಿಜ ಉತ್ತರಕ್ಕೂ ಇರುವ ವ್ಯತ್ಯಾಸ ಸರಿಪಡಿಸದಿದ್ದರೆ ನಕ್ಷೆಯ ಎಲ್ಲ ದಿಕ್ಕುಗಳೂ ಒಟ್ಟಿಗೆ ಓರೆಯಾಗುತ್ತವೆ. ಜಿಐಎಸ್ (ಕಂಪ್ಯೂಟರ್‌ನಲ್ಲಿ ನಕ್ಷೆ ರಚಿಸಿ ವಿಶ್ಲೇಷಿಸುವ ವ್ಯವಸ್ಥೆ), ಪೈಥಾನ್ ಪ್ರೋಗ್ರಾಮಿಂಗ್ ಭಾಷೆ, ಸಂಖ್ಯಾಶಾಸ್ತ್ರವೂ ಬೇಕು, ಆದರೆ ಅವನ್ನು ಮನೆಯಲ್ಲೇ ಕಲಿಯಬಹುದು. ಕ್ಷೇತ್ರ ಶಿಬಿರವನ್ನು ಮಾತ್ರ ದಯವಿಟ್ಟು ತಪ್ಪಿಸಬೇಡಿ.